ಮನೆಯಲ್ಲೇ ಹಾಟ್ ರಾಡ್ ಕಟ್ಟುವುದು: ಮೊದಲು ಚಾಸಿ, ಆಮೇಲೆ ಅಂದಚಂದ

ಹಳೆಯ ಕಾರನ್ನು ಹಗುರ ಮಾಡಿ ದೊಡ್ಡ ಎಂಜಿನ್ ಕೂರಿಸಿದ ಗಾಡಿಯೇ ಹಾಟ್ ರಾಡ್. ಅರ್ಧಕ್ಕೆ ನಿಂತ ಅಂಥದ್ದೊಂದು ಮಾರಾಟಕ್ಕೆ ಬಂದಾಗ ಅದರ ಫೋಟೊ ಒಮ್ಮೆ ಗಮನಿಸಿ. ಎಂಜಿನ್ ಮೇಲೆ ಕ್ರೋಮ್ ಮಿನುಗುತ್ತಿರುತ್ತದೆ, ಸೀಟಿಗೆ ಚರ್ಮದ ಹೊದಿಕೆಯೂ ಬಂದಿರುತ್ತದೆ. ಆದರೆ ಬ್ರೇಕ್ ಪೈಪ್ ಎಳೆದಿರುವುದಿಲ್ಲ, ಸ್ಟೀರಿಂಗ್ ಕೂತಿರುವುದಿಲ್ಲ, ವೈರಿಂಗ್ ಕಿಟ್ ಡಬ್ಬದಿಂದ ಹೊರಗೇ ಬಂದಿರುವುದಿಲ್ಲ. ದುಡ್ಡು, ಹುರುಪು ಎರಡೂ ಕಣ್ಣಿಗೆ ಕಾಣುವ ಭಾಗಕ್ಕೆ ಮೊದಲೇ ಸುರಿದುಹೋಗಿ, ಗಾಡಿ ಓಡಲು ಬೇಕಾದ ಕೆಲಸದ ಹೊತ್ತಿಗೆ ಕೈ ಬರಿದಾಗಿರುತ್ತದೆ. ಅದಕ್ಕೇ ಇಲ್ಲಿ ಹೇಳುವ ಕ್ರಮ ಉಲ್ಟಾ: ಮೊದಲು ಕಾಗದಪತ್ರ, ಆಮೇಲೆ ಗಾಲಿ, ಚಾಸಿ, ಸ್ಟೀರಿಂಗ್, ಬ್ರೇಕ್. ಬಣ್ಣ, ಸೀಟು, ಹೊಳಪು ಎಲ್ಲ ಕೊನೆಗೆ.

1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡ್‌ಗಳ ಮಡ್‌ಗಾರ್ಡ್, ಬಂಪರ್ ಕಿತ್ತೆಸೆದು ತೂಕ ಇಳಿಸಿ, ಎಂಜಿನ್ನಿನ ಬಲ ಹೆಚ್ಚಿಸಿ ಮುರಾಕ್, ಎಲ್ ಮಿರಾಜ್‌ನಂಥ ಬತ್ತಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. ಸೂತ್ರ ಇಂದಿಗೂ ಅದೇ, ಹಗುರ ಬಾಡಿಗೆ ದೊಡ್ಡ ಎಂಜಿನ್. ತೊಂದರೆಯ ಬೇರೂ ಅಲ್ಲೇ ಇದೆ. 40 ಅಶ್ವಶಕ್ತಿಯ ನಾಲ್ಕು ಸಿಲಿಂಡರಿಗೆಂದು ಮಾಡಿದ ಚೌಕಟ್ಟಿನ ಮೇಲೆ 300 ಅಶ್ವಶಕ್ತಿಯ ವಿ8 (ಎಂಟು ಸಿಲಿಂಡರಿನ ಎಂಜಿನ್) ಕೂರಿಸಿದರೆ ಚೌಕಟ್ಟು ತಿರುಚಿಕೊಳ್ಳುತ್ತದೆ, ಹಳೆಯ ಬ್ರೇಕ್ ಹಿಡಿಯುವುದಿಲ್ಲ, ಹಳೆಯ ಸ್ಟೀರಿಂಗ್ ಕೈಗೆ ಸಿಗುವುದಿಲ್ಲ.

ಯಾವ ಗಾಡಿ, ಯಾವ ಕಾಗದ

ಮೊದಲ ಸಲ ಕಟ್ಟುವವರು 1928–31ರ ಫೋರ್ಡ್ ಮಾಡೆಲ್ ಎ, ಇಲ್ಲವೇ ‘ಡ್ಯೂಸ್’ ಎಂದೇ ಹೆಸರಾದ 1932ರ ಫೋರ್ಡ್ ಬಿಟ್ಟು ಆಚೆ ನೋಡದಿರುವುದೇ ಲೇಸು. ಇವೆರಡಕ್ಕೂ ಚೌಕಟ್ಟು, ಬಾಡಿ, ಬ್ರ್ಯಾಕೆಟ್, ರಬ್ಬರ್ ಪಟ್ಟಿಯವರೆಗೆ ಎಲ್ಲವೂ ಹೊಸದಾಗಿ ತಯಾರಾಗಿ ಸಿಗುತ್ತವೆ. ಬೇರೆ ಕಂಪನಿಯ ಗಾಡಿ ಅಗ್ಗಕ್ಕೆ ಸಿಕ್ಕೀತು, ಆದರೆ ಪ್ರತಿ ಬ್ರ್ಯಾಕೆಟ್ಟನ್ನೂ ನೀವೇ ಕತ್ತರಿಸಿ ಮಾಡಬೇಕಾಗುತ್ತದೆ. 1930ರ ದಶಕದ ಮೊದಲರ್ಧದ ಶೆವ್ರಲೆ ಬಾಡಿಯ ತಗಡಿನೊಳಗೆ ಮರದ ಅಸ್ಥಿಪಂಜರವೇ ಇರುತ್ತದೆ. ಅದು ಕೊಳೆತಿದ್ದರೆ ನಿಮಗೆ ವೆಲ್ಡಿಂಗ್ ಜತೆಗೆ ಬಡಗಿ ಕೆಲಸವೂ ಬರಬೇಕು.

ಮಾಡೆಲ್ ಎ ಗಾಡಿಯ ವೀಲ್‌ಬೇಸ್ (ಮುಂದಿನ, ಹಿಂದಿನ ಗಾಲಿಗಳ ನಡುವಿನ ದೂರ) 103.5 ಇಂಚು, 1932ರದ್ದು 106 ಇಂಚು. ಡ್ಯೂಸ್‌ನ ಚೌಕಟ್ಟು ಬಾಡಿಯ ಕೆಳಗೆ ಹೊರಗೇ ಕಾಣುತ್ತದೆ, ಅದರ ಮೇಲಿನ ಉಬ್ಬುಗೆರೆಯ ಚೆಲುವಿಗಾಗಿಯೇ ಎಷ್ಟೋ ಜನ ಮಾಡೆಲ್ ಎ ಬಾಡಿಯನ್ನು 1932ರ ಚೌಕಟ್ಟಿನ ಮೇಲೆ ಕೂರಿಸುತ್ತಾರೆ. ಇದು ಚೆನ್ನಾಗಿ ಪಳಗಿದ ದಾರಿ, ಹೊಸಬರೂ ಹಿಡಿಯಬಹುದು.

ಹಳೆಯ ಉಕ್ಕಿನ ಬಾಡಿ ಕೊಳ್ಳುವಾಗ ಕೆಳಗಿನ ಆರು ಇಂಚನ್ನು ನೋಡಿ, ಮೇಲಿನದನ್ನು ಬಿಡಿ. ತುಕ್ಕು ಕೂರುವುದು ಬಾಗಿಲಿನ ತಳ, ಕೌಲ್‌ನ (ವಿಂಡ್‌ಶೀಲ್ಡ್ ಕೆಳಗಿನ ಭಾಗ) ಬುಡ, ಬಾಡಿಯ ಅಡಿಯ ಉದ್ದಪಟ್ಟಿ ಮತ್ತು ಡಿಕ್ಕಿಯ ನೆಲದಲ್ಲಿ. ತೆಳುಬಟ್ಟೆ ಸುತ್ತಿದ ಅಯಸ್ಕಾಂತವನ್ನು ಈ ಜಾಗಗಳ ಮೇಲೆ ಎಳೆದರೆ ಪುಟ್ಟಿ ಎಲ್ಲಿ ದಪ್ಪಗಿದೆಯೋ ಅಲ್ಲಿ ಅದು ಹಿಡಿಯದೆ ಜಾರುತ್ತದೆ. ಫೈಬರ್ ಬಾಡಿಗೆ ತುಕ್ಕಿನ ಕಾಟವಿಲ್ಲ. ಆದರೆ ಒಳಗೆ ಉಕ್ಕಿನ ಪಂಜರ ಕೂರಿಸಿದ್ದಾರೆಯೇ ಎಂದು ಕೇಳಿ. ಪಂಜರವಿಲ್ಲದ ಅಗ್ಗದ ಬಾಡಿಯಲ್ಲಿ ಬಾಗಿಲಿನ ಕೀಲು ಕ್ರಮೇಣ ಜೋತು ಬಾಗಿಲು ಮುಚ್ಚದಂತಾಗುತ್ತದೆ.

ದುಡ್ಡು ಕೊಡುವ ಮುಂಚೆ ಮಾಲೀಕತ್ವದ ಪತ್ರ ನೋಡಿ. ಹಳೆಯ ಫೋರ್ಡ್‌ಗಳ ಸಂಖ್ಯೆಯನ್ನು ಚೌಕಟ್ಟಿನ ಎಡ ಹಳಿಯ (ಉದ್ದನೆಯ ಉಕ್ಕಿನ ತೊಲೆ) ಮೇಲ್ಮೈಗೆ ಹೊಡೆದಿರುತ್ತಾರೆ, ಬಾಡಿ ಕೂತಾಗ ಅದು ಅಡಗಿಹೋಗುವುದೂ ಉಂಟು. ಪತ್ರದ ಸಂಖ್ಯೆಗೂ ಅದಕ್ಕೂ ತಾಳೆಯಾಗಬೇಕು. ಹೊಸ ಚೌಕಟ್ಟು ಬಳಸಿದರೆ ಹಳೆಯ ಸಂಖ್ಯೆಯನ್ನು ನೀವೇ ಅದರ ಮೇಲೆ ಹೊಡೆಯಲು ಹೋಗಬೇಡಿ, ಅಮೆರಿಕದಲ್ಲಿ ಅದು ನಿಮ್ಮನ್ನು ಅಪರಾಧದ ಕಟಕಟೆಗೆ ತಂದು ನಿಲ್ಲಿಸಬಹುದು. ಅಲ್ಲಿ ನೋಂದಣಿ ನಿಯಮ ರಾಜ್ಯ ರಾಜ್ಯಕ್ಕೂ ಬೇರೆ. ಒಂದು ಕಡೆ ಇದು 1932ರ ಗಾಡಿ, ಇನ್ನೊಂದು ಕಡೆ ಈ ವರ್ಷ ಕಟ್ಟಿದ ಹೊಸ ಗಾಡಿ, ಹೊಗೆ ತಪಾಸಣೆಯ ಶರತ್ತು ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಕೊಂಡ ಚೌಕಟ್ಟು, ಬಾಡಿ, ಎಂಜಿನ್, ಗೇರ್‌ಬಾಕ್ಸ್ ಎಲ್ಲದರ ರಸೀದಿಯೂ ತಪಾಸಣೆಯ ದಿನ ಬೇಕಾಗುತ್ತದೆ. ಮೊದಲ ದಿನವೇ ಒಂದು ಫೈಲ್ ತೆರೆದುಬಿಡಿ.

ಜಾಗ, ಸಲಕರಣೆ

ಬಾಡಿ ಬಿಚ್ಚಿಟ್ಟ ಮೇಲೆ ಒಂದು ಗಾಡಿ ಎರಡು ಗಾಡಿಯ ಜಾಗ ತಿನ್ನುತ್ತದೆ. ಆರು ಮೀಟರ್ ಉದ್ದ, ಆರು ಮೀಟರ್ ಅಗಲದ ಶೆಡ್ ಇದ್ದರೆ ಸಲೀಸು. ನೆಲ ಸಮವಿಲ್ಲದಿದ್ದರೂ ಅಡ್ಡಿಯಿಲ್ಲ, ಎಷ್ಟು ಓರೆ ಎಂದು ತಿಳಿದಿರಬೇಕಷ್ಟೇ. ಚೌಕಟ್ಟನ್ನು ಎತ್ತರ ಹೊಂದಿಸಬಹುದಾದ ಸ್ಟ್ಯಾಂಡ್‌ಗಳ ಮೇಲೆ ಮಟ್ಟ ಮಾಡಿಕೊಳ್ಳಬಹುದು.

ಮಿಗ್ ವೆಲ್ಡರ್ (ತಂತಿ ಕರಗಿಸಿ ಬೆಸೆಯುವ ಯಂತ್ರ) ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಅಮೆರಿಕದ ಮನೆಗಳ ಮಾಮೂಲಿ 120 ವೋಲ್ಟಿನ ಪ್ಲಗ್ಗಿಗೆ ಹಾಕುವ 140 ಆಂಪಿಯರ್‌ನ ಸಣ್ಣ ಯಂತ್ರ ಬಾಡಿ ತಗಡಿಗೂ 1/8 ಇಂಚಿನ ಉಕ್ಕಿಗೂ ಸಾಕು. ಚಾಸಿಯಲ್ಲಿ ಬರುವ 3/16 ಇಂಚಿಗೆ 220–240 ವೋಲ್ಟಿನ, 180–200 ಆಂಪಿಯರ್ ಕೊಡುವ ಯಂತ್ರ ಬೇಕು. ಇಆರ್70ಎಸ್-6 ತಂತಿ, ತಗಡಿಗೆ 0.6 ಮಿ.ಮೀ., ಚಾಸಿಗೆ 0.8 ಅಥವಾ 0.9 ಮಿ.ಮೀ. ಗ್ಯಾಸ್ ಮುಕ್ಕಾಲು ಪಾಲು ಆರ್ಗಾನ್, ಕಾಲು ಪಾಲು ಕಾರ್ಬನ್ ಡೈಆಕ್ಸೈಡ್. ಗ್ಯಾಸಿಲ್ಲದ ಫ್ಲಕ್ಸ್ ತಂತಿಯಿಂದ ತಗಡು ಬೆಸೆಯಲು ಹೋದರೆ ತೂತು ಬೀಳುವುದೇ ಹೆಚ್ಚು.

ಚಾಸಿ ಮುಟ್ಟುವ ಮುಂಚೆ ಅದೇ ದಪ್ಪದ ತುಂಡುಗಳ ಮೇಲೆ ಕೈ ಪಳಗಿಸಿಕೊಳ್ಳಿ. ನೋಟ ಚೆನ್ನಾಗಿದ್ದ ಮಾತ್ರಕ್ಕೆ ನಂಬಬೇಡಿ. ಟಿ ಆಕಾರದಲ್ಲಿ ಒಂದೇ ಬದಿಗೆ ಬೆಸೆದು, ವೈಸ್‌ನಲ್ಲಿ ಹಿಡಿದು ಸುತ್ತಿಗೆಯಿಂದ ಮಡಿಸಿ. ಉಕ್ಕು ಮಡಿಚಿಕೊಂಡು ಬೆಸುಗೆ ಉಳಿದರೆ ಸರಿ. ಬೆಸುಗೆ ಹಪ್ಪಳದಂತೆ ಎದ್ದುಬಂದು ಕೆಳಗೆ ನುಣುಪಾದ ಲೋಹ ಕಂಡರೆ ಅದು ಮೇಲ್ಮೈಗೆ ಅಂಟಿತ್ತೇ ಹೊರತು ಒಳಗಿಳಿದಿರಲಿಲ್ಲ. ಕರೆಂಟ್ ಏರಿಸಿ, ಅಂಚನ್ನು ಇಳಿಜಾರಾಗಿ ಉಜ್ಜಿ, ಮತ್ತೆ ಮಾಡಿ. ಹತ್ತು ತುಂಡು ಸತತವಾಗಿ ಪಾಸಾಗುವ ತನಕ ಚಾಸಿಯ ಬಳಿ ಸುಳಿಯಬೇಡಿ. ಆಗಲೂ ಧೈರ್ಯ ಸಾಲದಿದ್ದರೆ ಎಲ್ಲವನ್ನೂ ಚುಕ್ಕೆ ಬೆಸುಗೆಯಲ್ಲಿ ನಿಲ್ಲಿಸಿ, ಪೂರ್ಣ ಬೆಸುಗೆಗೆ ಅನುಭವಿ ವೆಲ್ಡರ್ ಒಬ್ಬರನ್ನು ಕರೆಸಿ. ಇದರಲ್ಲಿ ಮುಜುಗರ ಪಡುವಂಥದ್ದೇನೂ ಇಲ್ಲ.

ಎರಡು ಎಚ್ಚರಿಕೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಒರೆಸಿದ ಲೋಹವನ್ನು ಬೆಸೆದರೆ ಫಾಸ್ಜೀನ್ ಎಂಬ ವಿಷಗಾಳಿ ಹುಟ್ಟುತ್ತದೆ, ಒಂದೆರಡು ಉಸಿರೇ ಪ್ರಾಣಕ್ಕೆ ಕುತ್ತು ತರಬಹುದು. ಬೆಸೆಯುವ ಜಾಗ ಒರೆಸಲು ಅಸಿಟೋನ್ ಬಳಸಿ, ಪೂರ್ತಿ ಆರಿದ ಮೇಲೆ ಬೆಸೆಯಿರಿ. ಎರಡನೆಯದು, ಸತುವಿನ ಲೇಪನವಿರುವ ಬೋಲ್ಟ್, ಪೈಪುಗಳದ್ದು. ಬೆಸೆಯುವ ಮುಂಚೆ ಲೇಪನ ಉಜ್ಜಿ ತೆಗೆಯದಿದ್ದರೆ ಆ ರಾತ್ರಿ ಚಳಿಜ್ವರ ಗ್ಯಾರಂಟಿ.

ಅಳತೆ ಶುರುವಾಗುವುದು ಗಾಲಿಯಿಂದ

ಬಹಳಷ್ಟು ಮಂದಿ ಎಂಜಿನ್‌ನಿಂದ ಶುರುಮಾಡುತ್ತಾರೆ. ಗಾಡಿಯ ನಿಲುವು ನಿರ್ಧಾರವಾಗುವುದು ಟಯರಿನ ವ್ಯಾಸದಿಂದ, ನಿಲುವು ಗೊತ್ತಿಲ್ಲದೆ ಆಕ್ಸಲ್ ಎಷ್ಟು ಎತ್ತರದಲ್ಲಿರಬೇಕು, ಚೌಕಟ್ಟಿನ ಹಿಂಭಾಗವನ್ನು ಎಷ್ಟು ಮೇಲಕ್ಕೆ ಬಾಗಿಸಬೇಕು ಎಂದು ಹೇಳಲಾಗದು. ಮುಂದೆ ಸುಮಾರು 25 ಇಂಚು, ಹಿಂದೆ ಸುಮಾರು 30 ಇಂಚು ವ್ಯಾಸದ ಟಯರ್ ಹಾಕಿದರೆ ಹಾಟ್ ರಾಡ್‌ನ ಆ ಪರಿಚಿತ ಮುಂಬಾಗಿದ ನಿಲುವು ಬರುತ್ತದೆ. ಹೊಸ ಗಾಲಿಗೆ ಈಗಲೇ ದುಡ್ಡು ಹಾಕಬೇಕಿಲ್ಲ. ಅದೇ ವ್ಯಾಸದ ಗುಜರಿ ಟಯರ್ ನಾಲ್ಕು ಸಾಕು.

ಟಯರನ್ನು ಜಾಗದಲ್ಲಿ ನಿಲ್ಲಿಸಿ, ಚೌಕಟ್ಟನ್ನು ಸ್ಟ್ಯಾಂಡ್ ಮೇಲೆ ಬೇಕಾದ ಓರೆಗೆ ಇಟ್ಟು, ಬಾಡಿಯನ್ನು ಮೇಲೆ ಕೂರಿಸಿ, ಹತ್ತು ಹೆಜ್ಜೆ ದೂರ ಹೋಗಿ ನೋಡಿ. ಒಂದು ವಾರ ಹಾಗೇ ಬಿಡಿ. ಮನಸ್ಸಿಗೆ ಒಪ್ಪಿದ ಮೇಲೆ ನಾಲ್ಕೂ ಮೂಲೆಯಲ್ಲಿ ಚೌಕಟ್ಟಿನಿಂದ ನೆಲಕ್ಕಿರುವ ಎತ್ತರ ಬರೆದುಕೊಳ್ಳಿ. ಮುಂದಿನ ಪ್ರತಿಯೊಂದು ಅಳತೆಯೂ ಇದನ್ನೇ ನಂಬಿ ನಿಲ್ಲುತ್ತದೆ. ಒಂದು ಕಟ್ಟಳೆ ನೆನಪಿರಲಿ: ಟಯರ್ ಪಂಕ್ಚರಾಗಿ ಗಾಡಿ ರಿಮ್ ಮೇಲೆ ಕೂತರೂ ಚಾಸಿಯ, ಸ್ಟೀರಿಂಗಿನ, ಎಂಜಿನ್ ತಳದ ಆಯಿಲ್ ಸಂಪಿನ ಯಾವ ಭಾಗವೂ ರಸ್ತೆಗೆ ತಾಗಬಾರದು. ಮುಂದಿನ ರಿಮ್ಮಿನ ತಳದಿಂದ ಹಿಂದಿನ ರಿಮ್ಮಿನ ತಳಕ್ಕೆ ದಾರ ಕಟ್ಟಿ, ಅದಕ್ಕಿಂತ ಕೆಳಗೆ ಏನು ಇಣುಕುತ್ತದೆ ನೋಡಿ.

ಹಿಂದಿನ ಆಕ್ಸಲ್ಲಿನ ಗೇರ್ ಅನುಪಾತವೂ ಇಲ್ಲೇ ತೀರ್ಮಾನವಾಗುತ್ತದೆ. 30 ಇಂಚಿನ ಟಯರ್, 3.50 ಅನುಪಾತ (ಗಾಲಿ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ 3.50 ಸುತ್ತು) ಇದ್ದರೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2440 ಸುತ್ತು ತಿರುಗುತ್ತದೆ. ಅದೇ ಅನುಪಾತಕ್ಕೆ 0.70 ಓವರ್‌ಡ್ರೈವ್ (ಎಂಜಿನ್ ಸುತ್ತು ಇಳಿಸುವ ಮೇಲಿನ ಗೇರ್) ಇರುವ 700ಆರ್4 ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಹಾಕಿದರೆ 1700ಕ್ಕೆ ಇಳಿಯುತ್ತದೆ. ಹಿಂದಿನ ಹೌಸಿಂಗ್‌ಗೆ 1957ರಿಂದ 1986ರವರೆಗೆ ಬಂದ ಫೋರ್ಡ್ 9 ಇಂಚಿನದು (ಒಳಗಿನ ದೊಡ್ಡ ಗೇರಿನ ವ್ಯಾಸ) ಎಲ್ಲರ ಅಚ್ಚುಮೆಚ್ಚು. ಹಗುರ ಗಾಡಿಗೆ ಫೋರ್ಡ್ 8 ಇಂಚಿನದೂ ಧಾರಾಳ.

ಚೌಕಟ್ಟು

ಹಳೆಯ ಹಳಿಗಳು ಒಂದು ಬದಿ ತೆರೆದ ಚಾನೆಲ್ ಆಕಾರದವು. ತಿರುಚುವ ಬಲವನ್ನು ತೆರೆದ ಚಾನೆಲ್ ತಡೆಯುವುದಿಲ್ಲ, ಮುಚ್ಚಿದ ಪೆಟ್ಟಿಗೆ ತಡೆಯುತ್ತದೆ. ಅದಕ್ಕೇ ಒಳಬದಿಗೆ 1/8 ಅಥವಾ 3/16 ಇಂಚಿನ ಪಟ್ಟಿ ಬೆಸೆದು ಮುಚ್ಚುತ್ತಾರೆ. ಈ ಕೆಲಸದಲ್ಲೇ ಹೊಸಬರ ಚೌಕಟ್ಟು ಸೊಟ್ಟಗಾಗುವುದು. ಕಾದ ಬೆಸುಗೆ ತಣಿಯುವಾಗ ಕುಗ್ಗುತ್ತದೆ, ಒಂದೇ ಬದಿಯಲ್ಲಿ ಎರಡು ಮೀಟರ್ ಉದ್ದಕ್ಕೆ ಒಂದೇ ಉಸಿರಿಗೆ ಬೆಸೆದರೆ ಹಳಿ ಆ ಬದಿಗೆ ಬಾಗಿಬಿಡುತ್ತದೆ.

ಮೊದಲು ಎರಡು ಉದ್ದನೆಯ ಐ-ಬೀಮ್‌ಗಳನ್ನು ಮಟ್ಟ ಮಾಡಿ ಮೇಜಿನಂತೆ ನಿಲ್ಲಿಸಿ, ಚೌಕಟ್ಟನ್ನು ಅದಕ್ಕೆ ಬಿಗಿಯಾಗಿ ಹಿಡಿಸಿ. ನೆಲದ ಮೇಲೆ ಗಾಡಿಯ ನಡುಗೆರೆ ಎಳೆದು, ತೂಗುಗುಂಡು ಇಳಿಬಿಟ್ಟು, ಎರಡೂ ಹಳಿಗಳು ಅದರಿಂದ ಸಮದೂರದಲ್ಲಿವೆಯೇ ನೋಡಿ. ಎಡ ಮುಂದಿನ ಮೂಲೆಯಿಂದ ಬಲ ಹಿಂದಿನ ಮೂಲೆಗೆ ಮತ್ತು ಅದರ ತಿರುವುಮುರುವಿಗೆ ಕರ್ಣ ಅಳೆಯಿರಿ. ವ್ಯತ್ಯಾಸ 1/8 ಇಂಚಿಗಿಂತ, ಅಂದರೆ 3 ಮಿ.ಮೀ.ಗಿಂತ ಹೆಚ್ಚಿರಕೂಡದು, 1/16ಕ್ಕೆ ತಂದರೆ ಇನ್ನೂ ಒಳ್ಳೆಯದು. ಮುಚ್ಚುಪಟ್ಟಿಯನ್ನು ಪ್ರತಿ ಆರು ಇಂಚಿಗೊಂದು ಚುಕ್ಕೆ ಬೆಸುಗೆಯಿಂದ ಹಿಡಿಸಿ. ನಂತರ ಒಂದು ಕಡೆ ಎರಡು ಇಂಚು ಬೆಸೆದು, ಇನ್ನೊಂದು ಹಳಿಯ ಆಚೆ ತುದಿಗೆ ಹೋಗಿ ಎರಡು ಇಂಚು, ಮತ್ತೆ ಮೊದಲ ಹಳಿಯ ನಡುವೆ ಎರಡು ಇಂಚು ಬೆಸೆಯಿರಿ. ಕೈಯಿಟ್ಟರೆ ಸುಡುವಷ್ಟು ಕಾದಿದ್ದರೆ ನಿಲ್ಲಿಸಿ ಚಹಾ ಕುಡಿಯಿರಿ. ಒಂದೇ ದಿನ ಮುಗಿಸಿದವರ ಕರ್ಣ ಸರಿ ಬರುವುದು ಅಪರೂಪ.

ಅಡ್ಡಪಟ್ಟಿ ಮುಂದೆ ಒಂದು, ಗೇರ್‌ಬಾಕ್ಸ್ ಕೆಳಗೆ ಒಂದು, ಹಿಂದೆ ಒಂದು ಸಾಲದು. ನಡುವೆ ಎಕ್ಸ್ ಆಕಾರದ್ದೊಂದು ಇದ್ದರೆ ಚೌಕಟ್ಟು ನಿಜಕ್ಕೂ ಗಟ್ಟಿಯಾಗುತ್ತದೆ. ಗೇರ್‌ಬಾಕ್ಸ್ ಕೆಳಗಿನದನ್ನು ಬೋಲ್ಟ್ ಹಾಕಿ ಬಿಚ್ಚುವಂತೆ ಮಾಡಿ. ಬೆಸೆದುಬಿಟ್ಟರೆ ಮುಂದೊಂದು ದಿನ ಗೇರ್‌ಬಾಕ್ಸ್ ಇಳಿಸಲು ಎಂಜಿನ್ ಸಮೇತ ಎತ್ತಬೇಕಾಗುತ್ತದೆ.

ಮುಂದಿನ ಆಕ್ಸಲ್ ಮತ್ತು ಸ್ಟೀರಿಂಗ್

ಮಡ್‌ಗಾರ್ಡ್ ಇಲ್ಲದ ಗಾಡಿಗೆ ಉದ್ದನೆಯ ಒಂದೇ ಆಕ್ಸಲ್ ಚೆನ್ನಾಗಿ ಒಪ್ಪುತ್ತದೆ. 1974–78ರ ಮಸ್ಟಾಂಗ್ II ಮಾದರಿಯ ಸ್ವತಂತ್ರ ಸಸ್ಪೆನ್ಷನ್ ಸವಾರಿಗೆ ಹಿತ, ಆದರೆ ಅದರ ತೋಳುಗಳೆಲ್ಲ ಬಯಲಿಗೆ ಬಿದ್ದು ಮಾಡೆಲ್ ಎ ಅಥವಾ ಡ್ಯೂಸ್‌ನ ಮುಖ ಕೆಡುತ್ತದೆ. ನಡುವೆ ನಾಲ್ಕು ಇಂಚು ತಗ್ಗಿದ ಆಕ್ಸಲ್, ಅಡ್ಡಡ್ಡ ಕೂರುವ ಒಂದು ಲೀಫ್ ಸ್ಪ್ರಿಂಗ್, ಎರಡು ಶಾಕ್ ಅಬ್ಸಾರ್ಬರ್ ಇದ್ದರೆ ಮುಂಭಾಗ ಮುಗಿಯಿತು.

ಆಕ್ಸಲ್ಲನ್ನು ಹಿಡಿದಿಡುವ ತೋಳಿನ ಆಯ್ಕೆಯಲ್ಲಿ ಎಡವುವವರು ಬಹಳ. ಐ-ಬೀಮ್ ಆಕ್ಸಲ್ ತುಸು ತಿರುಚಿಕೊಳ್ಳಬಲ್ಲದು, ಆದ್ದರಿಂದ ಅದಕ್ಕೆ ಹೇರ್‌ಪಿನ್ ತೋಳು (ಹೇರ್‌ಪಿನ್ ಆಕಾರದ ಸರಳು) ನಡೆಯುತ್ತದೆ. ಕೊಳವೆ ಆಕ್ಸಲ್ ತಿರುಚುವುದಿಲ್ಲ. ಅದಕ್ಕೆ ಹೇರ್‌ಪಿನ್ ಹಾಕಿದರೆ ಒಂದು ಗಾಲಿ ಮಾತ್ರ ಹಳ್ಳಕ್ಕೆ ಇಳಿದಾಗ ಇಡೀ ಬಲ ಬ್ರ್ಯಾಕೆಟ್‌ಗಳ ಮೇಲೆ ಬಿದ್ದು, ಎಂದೋ ಒಂದು ದಿನ ಬಿರುಕು ಬಿಡುತ್ತದೆ. ಕೊಳವೆ ಆಕ್ಸಲ್ಲಿಗೆ ನಾಲ್ಕು ಸರಳಿನ ಜೋಡಣೆಯೇ ಬೇಕು.

ಕಿಂಗ್‌ಪಿನ್ (ಮುಂದಿನ ಗಾಲಿ ಎಡಬಲಕ್ಕೆ ತಿರುಗುವ ಅಚ್ಚು) ಮೇಲ್ತುದಿ ಹಿಂದಕ್ಕೆ ವಾಲಿರುವ ಕೋನವೇ ಕ್ಯಾಸ್ಟರ್. ಗಾಡಿ ತನ್ನ ಅಂತಿಮ ನಿಲುವಿನಲ್ಲಿದ್ದಾಗ ಇದು 5ರಿಂದ 7 ಡಿಗ್ರಿ ಇರಬೇಕು. ಮಟ್ಟದ ಚೌಕಟ್ಟಿನ ಮೇಲೆ 6 ಡಿಗ್ರಿಗೆ ಬೆಸೆದು, ಆಮೇಲೆ ಹಿಂಭಾಗ ಎತ್ತರಿಸಿ 2 ಡಿಗ್ರಿ ಓರೆ ಕೊಟ್ಟರೆ ಉಳಿಯುವುದು 4 ಡಿಗ್ರಿ ಮಾತ್ರ. ಅಷ್ಟಕ್ಕೇ ಗಾಡಿ ರಸ್ತೆಯಲ್ಲಿ ಅತ್ತಿತ್ತ ಅಲೆಯತೊಡಗುತ್ತದೆ. ಟೋ-ಇನ್ (ಮುಂದಿನ ಗಾಲಿಗಳ ಮುಂಬದಿ ಒಳಕ್ಕೆ ತಿರುಗಿರುವ ಪ್ರಮಾಣ) 1/16ರಿಂದ 1/8 ಇಂಚು. ಸ್ಪ್ರಿಂಗಿನ ಶ್ಯಾಕಲ್‌ಗಳು (ಸ್ಪ್ರಿಂಗ್ ತುದಿ ಹಿಡಿಯುವ ತೂಗುಪಟ್ಟಿಗಳು) ಪೂರ್ತಿ ತೂಕ ಬಿದ್ದಾಗ ಸುಮಾರು 45 ಡಿಗ್ರಿ ಕೋನದಲ್ಲಿ ನಿಲ್ಲಬೇಕು. ಎಂಜಿನ್, ರೇಡಿಯೇಟರ್ ಇನ್ನೂ ಕೂರದ ಚಾಸಿಯಲ್ಲಿ ಅವು ಬೇರೆಯೇ ಕಾಣುತ್ತವೆ, ಅದನ್ನು ನೋಡಿ ಸ್ಪ್ರಿಂಗ್ ಬದಲಿಸಲು ಹೊರಡಬೇಡಿ.

ಸ್ಟೀರಿಂಗಿಗೆ ಹೆಚ್ಚಾಗಿ ಬಳಸುವುದು ಶೆವ್ರಲೆ ವೇಗಾ ಮಾದರಿಯ ಪುಟ್ಟ ಬಾಕ್ಸ್. ಅದು ಎಡ ಹಳಿಯ ಮೇಲೆ ಕೂತು, ಅದರ ಸರಳು ಅಡ್ಡಕ್ಕೆ ಬಲಗಾಲಿಯ ತೋಳಿಗೆ ಹೋಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಅಡ್ಡ ಸ್ಪ್ರಿಂಗಿನ ಶ್ಯಾಕಲ್‌ಗಳ ಮೇಲೆ ಇಡೀ ಚಾಸಿ ಎಡಬಲಕ್ಕೆ ತೂಗಬಲ್ಲದು. ನೀವು ಸ್ಟೀರಿಂಗ್ ತಿರುಗಿಸಿದಾಗ ಗಾಲಿ ತಿರುಗುವ ಬದಲು ಮೊದಲು ಚಾಸಿಯೇ ಪಕ್ಕಕ್ಕೆ ಜರಗುತ್ತದೆ. ಇದನ್ನು ತಡೆಯಲು ಚಾಸಿಯನ್ನು ಆಕ್ಸಲ್ಲಿಗೆ ಅಡ್ಡಲಾಗಿ ಕಟ್ಟುವ ಪ್ಯಾನ್‌ಹಾರ್ಡ್ ಸರಳು ಬೇಕು. ಅದರ ಚಾಸಿ ತುದಿ ಸ್ಟೀರಿಂಗ್ ಬಾಕ್ಸ್ ಇರುವ ಬದಿಗೇ ಇರಲಿ. ಉದ್ದ ಸ್ಟೀರಿಂಗ್ ಸರಳಿನಷ್ಟೇ ಇರಲಿ, ಎರಡೂ ಸಮಾನಾಂತರವಾಗಿರಲಿ. ಆಗ ಗಾಡಿ ಹಳ್ಳಕ್ಕೆ ಇಳಿದು ಎದ್ದಾಗ ಎರಡೂ ಒಂದೇ ಕಮಾನಿನಲ್ಲಿ ಆಡುತ್ತವೆ, ಸ್ಟೀರಿಂಗ್ ತಾನಾಗಿ ಎಳೆಯುವುದಿಲ್ಲ.

ಸ್ಟೀರಿಂಗ್ ಶಾಫ್ಟಿನ ಯು-ಜಾಯಿಂಟ್ (ಕೋನದಲ್ಲೂ ತಿರುಗುವ ಕೀಲು) ಒಂದೊಂದೂ 30 ಡಿಗ್ರಿಗಿಂತ ಹೆಚ್ಚು ಬಾಗದಿರಲಿ. ಮೂರು ಜಾಯಿಂಟ್ ಬಂದರೆ ನಡುವಿನ ಶಾಫ್ಟಿಗೆ ಬೇರಿಂಗ್ ಆಸರೆ ಕೊಡಲೇಬೇಕು. ಸೆಟ್ ಸ್ಕ್ರೂ ಕೂರುವಲ್ಲಿ ಶಾಫ್ಟಿಗೆ ಡ್ರಿಲ್‌ನಿಂದ ಸಣ್ಣ ಗುಳಿ ಮಾಡಿ, ಲಾಕ್‌ನಟ್ ಹಾಕಿ. ಎರಕದ ಸ್ಟೀರಿಂಗ್ ಭಾಗವನ್ನು ಕಾಯಿಸಿ ಬಗ್ಗಿಸುವುದು, ಕ್ರೋಮ್ ಮಾಡಿದ ಆಕ್ಸಲ್ಲಿಗೆ ಬೆಸುಗೆ ಹಾಕುವುದು, ರಾಡ್ ಎಂಡ್‌ನ (ಸರಳಿನ ತುದಿಯ ಕೀಲು) ತಿರುಪು ಅದರ ವ್ಯಾಸದ ಒಂದೂವರೆ ಪಟ್ಟಿಗಿಂತ ಕಡಿಮೆ ಹೊಕ್ಕಿರುವುದು, ಕ್ಯಾಸಲ್ ನಟ್‌ಗೆ ಕಾಟರ್ ಪಿನ್ ಮರೆಯುವುದು: ಇವುಗಳಲ್ಲಿ ಒಂದನ್ನೂ ಗಾಡಿ ಕ್ಷಮಿಸುವುದಿಲ್ಲ.

ಎಂಜಿನ್ ಕೂರಿಸುವ ಕೋನ

ಶೆವ್ರಲೆಯ ಸ್ಮಾಲ್ ಬ್ಲಾಕ್ 350 (ಘನ ಇಂಚು) ಎಂಜಿನ್ 1967ರಲ್ಲಿ ಬಂದದ್ದು. ಬಿಡಿಭಾಗ ಹೇರಳ, ರಿಪೇರಿ ಸುಲಭ, ಆದ್ದರಿಂದ ಮೊದಲ ಗಾಡಿಗೆ ಇದೇ ಸಾಕು. ಇದರ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಹಿಂಭಾಗದಲ್ಲಿರುವುದರಿಂದ ಫೈರ್‌ವಾಲ್ (ಎಂಜಿನ್ ಹಿಂದಿನ ತಗಡಿನ ಗೋಡೆ) ಮತ್ತು ಅದರ ನಡುವೆ ಕನಿಷ್ಠ ಒಂದು ಇಂಚು ಬಿಡಿ, ಎಂಜಿನ್ ರಬ್ಬರ್ ಮೌಂಟ್ ಮೇಲೆ ಅಲುಗುತ್ತದೆ. ಮುಂದೆ ರೇಡಿಯೇಟರಿಗೆ ಜಾಗ ಸಾಲದಿದ್ದರೆ 1969ಕ್ಕೆ ಮುಂಚಿನ ಗಿಡ್ಡ ವಾಟರ್ ಪಂಪ್ ಒಂದೂಕಾಲು ಇಂಚು ಉಳಿಸಿಕೊಡುತ್ತದೆ. ಫೋರ್ಡ್ 302ರಲ್ಲಿ ಡಿಸ್ಟ್ರಿಬ್ಯೂಟರ್ ಮುಂದಿದೆ, ಅಗಲವೂ ಕಡಿಮೆ. ಆದರೆ ಅದರ ಮಾಮೂಲಿ ಆಯಿಲ್ ಸಂಪು ಮುಂಬದಿಗಿರುವುದರಿಂದ ಅಡ್ಡಪಟ್ಟಿಗೆ ತಾಗುತ್ತದೆ, ಹಿಂಬದಿ ಸಂಪು ಹುಡುಕಬೇಕು.

ಅಳತೆಗೆ ಬರಿದಾದ ಹಳೆಯ ಬ್ಲಾಕ್ ಮತ್ತು ಗೇರ್‌ಬಾಕ್ಸ್ ಕವಚ ಸಾಕು. ಚಾಸಿ ಅಂತಿಮ ನಿಲುವಿನಲ್ಲಿರಲಿ. ಎಂಜಿನ್ ಬಾಲ ಸುಮಾರು 3 ಡಿಗ್ರಿ ಕೆಳಗಿರಲಿ, ಆಗ ಕಾರ್ಬ್ಯುರೇಟರ್ ಕೂರುವ ಜಾಗ ಮಟ್ಟವಾಗುತ್ತದೆ. ಹಿಂದಿನ ಆಕ್ಸಲ್ಲಿನ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ಕೂಡುವ ಗೇರ್) ಮೂತಿ ಅಷ್ಟೇ 3 ಡಿಗ್ರಿ ಮೇಲಿರಲಿ. ಅಂದರೆ ಕ್ರ್ಯಾಂಕ್ ಗೆರೆಯೂ ಪಿನಿಯನ್ ಗೆರೆಯೂ ಸಮಾನಾಂತರ. ಹಾಗಿಲ್ಲದಿದ್ದರೆ ಎರಡು ಯು-ಜಾಯಿಂಟ್‌ಗಳ ಏರಿಳಿತ ಒಂದನ್ನೊಂದು ರದ್ದು ಮಾಡದೆ, ನಿರ್ದಿಷ್ಟ ವೇಗದಲ್ಲಿ ನೆಲವೆಲ್ಲ ಗುಂಯ್‌ಗುಡುತ್ತದೆ. ಎರಡೂ ಗೆರೆ ಸಂಪೂರ್ಣ ನೇರವಾಗಿ ಒಂದೇ ಆಗಿಬಿಟ್ಟರೂ ತಪ್ಪೇ: ಜಾಯಿಂಟ್ ಒಳಗಿನ ಸೂಜಿ ಬೇರಿಂಗ್ ಉರುಳದೆ ಒಂದೇ ಕಡೆ ಸವೆಯುತ್ತದೆ. 1ರಿಂದ 3 ಡಿಗ್ರಿ ಕೋನ ಇರಲೇಬೇಕು. ಪ್ರೊಪೆಲ್ಲರ್ ಶಾಫ್ಟಿನ ಅಳತೆ ಕೊಡುವುದು ಪೂರ್ತಿ ತೂಕ ಬಿದ್ದ ಮೇಲೆ. ಗೇರ್‌ಬಾಕ್ಸಿಗೆ ಹೊಕ್ಕುವ ಜಾರುತುದಿ ಪೂರ್ತಿ ಒಳತಾಗುವ ಬಿಂದುವಿನಿಂದ ಮುಕ್ಕಾಲರಿಂದ ಒಂದು ಇಂಚು ಹೊರಗಿರಲಿ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಜೋಡಿಸುವಾಗ ಕೆಡುವುದು ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ). ತಿರುಗಿಸುತ್ತಾ ಒಳಗೆ ತಳ್ಳಿದರೆ ಅದು ಒಂದೊಂದೇ ಮೆಟ್ಟಿಲು ಇಳಿದಂತೆ ‘ಟಕ್’ ಎಂದು ಕೂರುತ್ತದೆ. ಕೊನೆಯ ಟಕ್ ಪಂಪಿನ ಹಲ್ಲಿಗೆ ಸಿಕ್ಕಿದ್ದರ ಗುರುತು. ಗೇರ್‌ಬಾಕ್ಸನ್ನು ಬ್ಲಾಕಿಗೆ ಬೋಲ್ಟ್ ಮಾಡಿದ ಮೇಲೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಫ್ಲೆಕ್ಸ್‌ಪ್ಲೇಟ್‌ಗೂ (ಕ್ರ್ಯಾಂಕ್ ತುದಿಯ ತಟ್ಟೆ) ಅದಕ್ಕೂ 1/8ರಿಂದ 3/16 ಇಂಚು ಅಂತರ ಇರಬೇಕು. ಅಂತರವಿಲ್ಲದಿದ್ದರೂ ಬೋಲ್ಟ್ ಬಿಗಿದು ಎಳೆದವರಿಗೆ ಮೊದಲ ಸ್ಟಾರ್ಟಿಗೇ ಪಂಪ್ ಪುಡಿ. 700ಆರ್4 ಆದರೆ ಕಾರ್ಬ್ಯುರೇಟರಿನಿಂದ ಬರುವ ಟಿವಿ (ಥ್ರಾಟಲ್ ವಾಲ್ವ್) ಕೇಬಲ್ಲನ್ನು ಸರಿಯಾಗಿ ಹೊಂದಿಸದೆ ಬೀದಿಯ ತುದಿಯವರೆಗೂ ಓಡಿಸಬೇಡಿ. ಗೇರ್‌ಬಾಕ್ಸ್ ಒಳಗಿನ ಒತ್ತಡವನ್ನು ನಿಯಂತ್ರಿಸುವುದೇ ಅದು, ಸಡಿಲವಿದ್ದರೆ ಕ್ಲಚ್ ಸುಟ್ಟುಹೋಗುತ್ತದೆ.

ಬ್ರೇಕ್

ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ) ಬಿಟ್ಟು ಬೇರೆ ಮಾತಿಲ್ಲ. ಹಳೆಯ ಒಂಟಿ ಕೋಣೆಯದರಲ್ಲಿ ಒಂದು ಪೈಪ್ ಒಡೆದರೆ ನಾಲ್ಕೂ ಗಾಲಿಯ ಬ್ರೇಕ್ ಹೋಗುತ್ತದೆ.

ಬೂಸ್ಟರ್ ಇಲ್ಲದ ಬ್ರೇಕಿಗೆ ಪೆಡಲ್ ಅನುಪಾತ 6ಕ್ಕೆ 1 ಇರಬೇಕು: ಕೀಲಿನಿಂದ ಪಾದ ಒತ್ತುವ ಜಾಗಕ್ಕೆ 12 ಇಂಚಾದರೆ ಕೀಲಿನಿಂದ ತಳ್ಳುಸರಳಿಗೆ 2 ಇಂಚು. ಬೂಸ್ಟರ್ ಇದ್ದರೆ 4ಕ್ಕೆ 1 ಸಾಕು. 35 ಕೆ.ಜಿ. ಬಲದಿಂದ ಒತ್ತಿದರೆ 6:1ರಲ್ಲಿ ಸಿಲಿಂಡರಿನ ಮೇಲೆ 210 ಕೆ.ಜಿ. ಬೀಳುತ್ತದೆ. ಒಂದು ಇಂಚಿನ ಬೋರ್ (ಸಿಲಿಂಡರಿನ ಒಳವ್ಯಾಸ) ಆದರೆ ಸುಮಾರು 590 ಪಿಎಸ್‌ಐ, 7/8 ಇಂಚಿನದಾದರೆ 770 ಪಿಎಸ್‌ಐ ಒತ್ತಡ ಹುಟ್ಟುತ್ತದೆ. ದೊಡ್ಡ ಸಿಲಿಂಡರ್ ಹಾಕಿದರೆ ಬ್ರೇಕ್ ಜೋರಾಗುತ್ತದೆ ಎಂದು ನಂಬಿದವರು ಈ ಲೆಕ್ಕ ನೋಡಲಿ, ಬೋರ್ ಹಿರಿದಾದಷ್ಟೂ ಒತ್ತಡ ತಗ್ಗುತ್ತದೆ. ಕಿರಿದಾದರೆ ಪೆಡಲ್ ಹೆಚ್ಚು ದೂರ ಇಳಿಯಬೇಕು, ಕ್ಯಾಲಿಪರಿಗೆ ಬೇಕಾದಷ್ಟು ಆಯಿಲ್ ತಲುಪುತ್ತದೆಯೇ ಎಂದು ನೋಡಿಕೊಳ್ಳಬೇಕು.

ಹಾಟ್ ರಾಡ್‌ನಲ್ಲಿ ಮಾಸ್ಟರ್ ಸಿಲಿಂಡರ್ ನೆಲದ ಕೆಳಗೆ ಅಡಗಿರುತ್ತದೆ, ಅಂದರೆ ಕ್ಯಾಲಿಪರಿಗಿಂತ ಕೆಳಗೆ. ಕಾಲು ತೆಗೆದಾಗ ಆಯಿಲ್ ಹಿಂದಕ್ಕೆ ಹರಿದು, ಮುಂದಿನ ಸಲ ಪೆಡಲ್ ಅರ್ಧ ಇಳಿಯುವ ತನಕ ಬ್ರೇಕ್ ಹಿಡಿಯುವುದಿಲ್ಲ. ಇದಕ್ಕೆ ಪರಿಹಾರ ಪೈಪಿನಲ್ಲಿ ತುಸು ಒತ್ತಡ ಉಳಿಸುವ ರೆಸಿಡ್ಯುಯಲ್ ವಾಲ್ವ್. ಡಿಸ್ಕಿನ ಪೈಪಿಗೆ 2 ಪಿಎಸ್‌ಐ, ಡ್ರಮ್ಮಿನ ಪೈಪಿಗೆ 10 ಪಿಎಸ್‌ಐ. ಅದಲುಬದಲಾಗಿ ಡಿಸ್ಕಿಗೆ 10ರದು ಹಾಕಿದರೆ ಪ್ಯಾಡ್ ಸದಾ ಉಜ್ಜುತ್ತಲೇ ಇದ್ದು ಡಿಸ್ಕ್ ಕೆಂಡವಾಗುತ್ತದೆ. ಹಿಂದಿನ ಪೈಪಿನಲ್ಲಿ ಒತ್ತಡ ತಗ್ಗಿಸುವ, ಹೊಂದಿಸಬಹುದಾದ ಪ್ರಪೋರ್ಷನಿಂಗ್ ವಾಲ್ವ್ ಕೂಡ ಬೇಕು. ಇಲ್ಲದಿದ್ದರೆ ಹಗುರ ಗಾಡಿಯ ಹಿಂದಿನ ಗಾಲಿ ಬೇಗ ಲಾಕಾಗಿ ಗಾಡಿ ಗಿರಕಿ ಹೊಡೆಯುತ್ತದೆ.

ಪೈಪ್ 3/16 ಇಂಚಿನ ಉಕ್ಕಿನದು ಅಥವಾ ನಿಕ್ಕಲ್-ತಾಮ್ರ ಮಿಶ್ರಲೋಹದ್ದು, ತುದಿಗೆ ಡಬಲ್ ಫ್ಲೇರ್ (ಎರಡು ಮಡಿಕೆ ಹಾಕಿ ಅಗಲಿಸಿದ ಬಾಯಿ). ಬರಿ ತಾಮ್ರದ ಪೈಪು, ನಲ್ಲಿ ಕೆಲಸದ ಕಂಪ್ರೆಷನ್ ಜೋಡಣೆ ಇಲ್ಲಿ ನಿಷಿದ್ಧ. ಪ್ರತಿ ಅಡಿಗೊಂದು ಕ್ಲಿಪ್ ಹಾಕಿ, ಎಕ್ಸಾಸ್ಟ್‌ನಿಂದ ದೂರ ಎಳೆಯಿರಿ.

ಪೆಟ್ರೋಲ್, ನೀರು, ವೈರ್

ಪೆಟ್ರೋಲ್ ಪೈಪ್ 3/8 ಇಂಚು ಸಾಕು. ರಬ್ಬರ್ ಹೋಸ್ ಎರಡು ತುದಿಯಲ್ಲಿ ಗೇಣುದ್ದ ಮಾತ್ರ. ಟ್ಯಾಂಕಿನ ಗಾಳಿಕೊಳವೆಗೆ, ಗಾಡಿ ಮಗುಚಿದರೆ ಮುಚ್ಚಿಕೊಳ್ಳುವ ವಾಲ್ವ್ ಇರಲಿ. ಡ್ಯೂಸ್‌ನ ಕಿರಿದಾದ ಗ್ರಿಲ್ ಹಿಂದೆ ದೊಡ್ಡ ಎಂಜಿನ್ ಬಿಸಿಯಾಗುವುದು ಮಾಮೂಲು ದೂರು. ಫ್ಯಾನ್ ಸುತ್ತ ಶ್ರೌಡ್ (ಗಾಳಿಗೆ ದಾರಿ ಮಾಡುವ ಕವಚ) ಇಲ್ಲದಿರುವುದೇ ಅರ್ಧ ಕಾರಣ. ಫ್ಯಾನ್ ಅಲಗು ಶ್ರೌಡಿನೊಳಗೆ ಅರ್ಧ, ಹೊರಗೆ ಅರ್ಧ ಇರಬೇಕು. ಇಗ್ನಿಷನ್ ಟೈಮಿಂಗ್ ಹಿಂದಿದ್ದರೂ ನಿಂತಲ್ಲೇ ಬಿಸಿಯೇರುತ್ತದೆ, ರೇಡಿಯೇಟರ್ ಬದಲಿಸುವ ಮುಂಚೆ ಟೈಮಿಂಗ್ ನೋಡಿ.

ವೈರಿಂಗ್‌ಗೆ 12 ಸರ್ಕ್ಯೂಟಿನ ಸಿದ್ಧ ಕಿಟ್ ಕೊಂಡರೆ ಪ್ರತಿ ವೈರಿನ ಮೇಲೂ ಹೆಸರಿರುತ್ತದೆ. ಬ್ಯಾಟರಿ ಬಳಿಯೇ ಮುಖ್ಯ ಫ್ಯೂಸ್. ಅರ್ಥಿಂಗ್ ಮೂರು ಕಡೆ: ಬ್ಯಾಟರಿಯಿಂದ ಚಾಸಿಗೆ, ಚಾಸಿಯಿಂದ ಎಂಜಿನ್ ಬ್ಲಾಕಿಗೆ, ಚಾಸಿಯಿಂದ ಬಾಡಿಗೆ. ಫೈಬರ್ ಬಾಡಿಯಲ್ಲಿ ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ಥ್ ವೈರ್ ಎಳೆಯಬೇಕು. ಬ್ಲಿಂಕರ್ ಹಾಕಿದರೆ ಹೆಡ್‌ಲೈಟ್ ಮಂಕಾಗುವ ಪವಾಡಗಳೆಲ್ಲ ಹುಟ್ಟುವುದು ಕೆಟ್ಟ ಅರ್ಥಿಂಗ್‌ನಿಂದ.

ಬಾಡಿ

ಹಳೆಯ ಬಾಡಿಯನ್ನು ಚೌಕಟ್ಟಿನಿಂದ ಎತ್ತುವ ಮುಂಚೆಯೇ ಬಾಗಿಲ ತೆರಪಿಗೆ ಅಡ್ಡಲಾಗಿ, ಎಡದಿಂದ ಬಲಕ್ಕೂ ಒಂದಿಂಚಿನ ಚೌಕ ಕೊಳವೆ ಬೆಸೆದು ಹಿಡಿಸಿ. ಹಾಗೇ ಎತ್ತಿದರೆ ತುಕ್ಕು ತಿಂದ ಬಾಡಿ ಮಧ್ಯಕ್ಕೆ ಮಡಿಚಿಕೊಂಡು, ಮತ್ತೆಂದೂ ಬಾಗಿಲು ಸರಿ ಕೂರುವುದಿಲ್ಲ. ಮರಳು ಹೊಡೆಸುವುದಾದರೆ ಚೌಕಟ್ಟಿಗೆ ಮಾತ್ರ. ಚಪ್ಪಟೆ ತಗಡಿಗೆ ಒರಟು ಮರಳು ಬಿದ್ದರೆ ಅದು ಹಿಗ್ಗಿ ಅಲೆಅಲೆಯಾಗುತ್ತದೆ.

ಬಣ್ಣಕ್ಕೆ ಮುಂಚೆ ಇಡೀ ಗಾಡಿಯನ್ನು ಬರಿಲೋಹದಲ್ಲೇ ಪೂರ್ತಿ ಜೋಡಿಸಿ. ಎಕ್ಸಾಸ್ಟ್, ಪೆಡಲ್, ಹಾರ್ನಿನ ಬ್ರ್ಯಾಕೆಟ್‌ವರೆಗೂ. ತೂತುಗಳೆಲ್ಲ ಆಗಲೇ ಆಗಿಬಿಡಲಿ. ನಂತರ ಬಿಚ್ಚಿ, ಪ್ರತಿ ಭಾಗದ ಬೋಲ್ಟನ್ನೂ ಹೆಸರು ಬರೆದ ಚೀಲಕ್ಕೆ ಹಾಕಿ, ಬಣ್ಣ ಮಾಡಿಸಿ, ಮತ್ತೆ ಕಟ್ಟಿ. ಎರಡು ಸಲ ಕಟ್ಟುವುದು ವ್ಯರ್ಥ ಎನ್ನಿಸಿದರೂ ಹೊಸ ಬಣ್ಣದ ಮೇಲೆ ವೆಲ್ಡಿಂಗ್ ಕಿಡಿ ಹಾರುವುದಕ್ಕಿಂತ ಅಗ್ಗ. ಐಸೊಸಯನೇಟ್ ಎಂಬ ವಿಷಕಾರಿ ರಾಸಾಯನಿಕ ಇರುವ ಟು-ಕೆ (ಎರಡು ಭಾಗ ಬೆರೆಸುವ) ಬಣ್ಣವನ್ನು ಮನೆಯ ಶೆಡ್‌ನಲ್ಲಿ ಮಾಮೂಲು ಮುಖವಾಡ ಕಟ್ಟಿಕೊಂಡು ಹೊಡೆಯಬೇಡಿ. ಅದಕ್ಕೆ ಹೊರಗಿನ ಶುದ್ಧಗಾಳಿ ಪೂರೈಸುವ ವ್ಯವಸ್ಥೆ ಬೇಕು, ಆ ಕೆಲಸ ಬೂತ್ ಇರುವವರಿಗೆ ಬಿಡಿ.

ಮೊದಲ ಸ್ಟಾರ್ಟ್

ಹೊಸದಾಗಿ ಕಟ್ಟಿದ 350ರಲ್ಲಿ ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ (ಚಪ್ಪಟೆ ಟ್ಯಾಪೆಟ್‌ಗಳನ್ನು ಉಜ್ಜುತ್ತಾ ವಾಲ್ವ್ ತೆರೆಸುವ ಶಾಫ್ಟ್) ಇದ್ದರೆ ಮೊದಲ ಇಪ್ಪತ್ತು ನಿಮಿಷವೇ ಅದರ ಆಯುಸ್ಸನ್ನು ತೀರ್ಮಾನಿಸುತ್ತದೆ. ಕ್ಯಾಮಿನ ಉಬ್ಬುಗಳಿಗೆ ಆಯಿಲ್ ಬರುವುದು ಮುಖ್ಯವಾಗಿ ಕ್ರ್ಯಾಂಕ್ ಎರಚುವುದರಿಂದ, ಐಡಲ್‌ನಲ್ಲಿ ಅದು ಸಾಲದು. ಆದ್ದರಿಂದ ಸ್ಟಾರ್ಟ್ ಮಾಡಿ ಸ್ಟಾಪ್ ಮಾಡಿ ಆಟ ಆಡುವಂತಿಲ್ಲ, ಎಲ್ಲವೂ ಮೊದಲೇ ಸಿದ್ಧವಿರಬೇಕು.

1. ಸತುವಿನ ಅಂಶವಿರುವ ಬ್ರೇಕ್-ಇನ್ ಆಯಿಲ್ ತುಂಬಿ. ಡಿಸ್ಟ್ರಿಬ್ಯೂಟರ್ ತೆಗೆದು, ಪ್ರೈಮಿಂಗ್ ಸಲಕರಣೆ ಇಳಿಸಿ, ಡ್ರಿಲ್ಲಿನಿಂದ ಆಯಿಲ್ ಪಂಪನ್ನು ಪ್ರದಕ್ಷಿಣವಾಗಿ ತಿರುಗಿಸಿ. ರಾಕರ್‌ಗಳಲ್ಲೆಲ್ಲ (ವಾಲ್ವ್ ಒತ್ತುವ ತೋಳುಗಳು) ಆಯಿಲ್ ಒಸರುವ ತನಕ ಬಿಡಬೇಡಿ, ನಡುನಡುವೆ ಯಾರಾದರೂ ಕ್ರ್ಯಾಂಕ್ ತಿರುಗಿಸುತ್ತಿರಲಿ.
2. ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಬೆರಳಿಟ್ಟು ಕ್ರ್ಯಾಂಕ್ ತಿರುಗಿಸಿ. ಗಾಳಿ ಬೆರಳನ್ನು ತಳ್ಳಿದರೆ ಅದೇ ಕಂಪ್ರೆಷನ್ ಹೊಡೆತ. ಟೈಮಿಂಗ್ ಗುರುತನ್ನು ಟಿಡಿಸಿಗೆ (ಪಿಸ್ಟನ್ ತೀರ ಮೇಲೆ ಬರುವ ಬಿಂದು) 10–12 ಡಿಗ್ರಿ ಮುಂಚೆ ನಿಲ್ಲಿಸಿ, ರೋಟರ್ ಒಂದನೇ ವೈರಿನತ್ತ ಮುಖ ಮಾಡುವಂತೆ ಡಿಸ್ಟ್ರಿಬ್ಯೂಟರ್ ಕೂರಿಸಿ. ಫೈರಿಂಗ್ ಕ್ರಮ 1-8-4-3-6-5-7-2. ಬೆರಳಿಡದೆ ಗುರುತು ನಂಬಿದವರ ಡಿಸ್ಟ್ರಿಬ್ಯೂಟರ್ ಎಷ್ಟೋ ಸಲ 180 ಡಿಗ್ರಿ ತಪ್ಪಿರುತ್ತದೆ, ಕಾರ್ಬ್ಯುರೇಟರಿನಿಂದ ಬೆಂಕಿ ಉಗುಳುತ್ತದೆ.
3. ರೇಡಿಯೇಟರ್ ತುಂಬಿ, ಕಾರ್ಬ್ಯುರೇಟರ್ ಬೌಲಿಗೆ ಪೆಟ್ರೋಲ್ ಹಾಕಿ, ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟಕುವಂತಿಡಿ. ಶೆಡ್ ಬಾಗಿಲು ತೆರೆದಿರಲಿ.
4. ಹತ್ತಿಕೊಂಡ ಕೂಡಲೇ ಆಯಿಲ್ ಒತ್ತಡ ನೋಡಿ, ನೇರ 2000–2500 ಸುತ್ತಿಗೆ ಏರಿಸಿ, ತುಸು ಏರಿಳಿಸುತ್ತಾ ಇಪ್ಪತ್ತು ನಿಮಿಷ ಇಡಿ. ಒತ್ತಡ ಬರದಿದ್ದರೆ, ಸೋರಿಕೆ ಕಂಡರೆ ಆ ಕ್ಷಣ ಆಫ್.
5. ತಣಿದ ಮೇಲೆ ಆಯಿಲ್, ಫಿಲ್ಟರ್ ಬದಲಿಸಿ. ಹಳೆಯ ಫಿಲ್ಟರ್ ಕತ್ತರಿಸಿ ಬಿಡಿಸಿ ನೋಡಿ. ತುಸು ಬೂದುಬಣ್ಣದ ನುಣುಪು ಸಹಜ, ಹೊಳೆಯುವ ಚೂರು ಕಂಡರೆ ಕ್ಯಾಮ್ ಹೋಗಿದೆ.

ರೋಲರ್ ಕ್ಯಾಮ್ ಇರುವ ಎಂಜಿನ್ನಿಗೆ ಈ ಇಪ್ಪತ್ತು ನಿಮಿಷದ ವ್ರತ ಬೇಕಿಲ್ಲ, ಆಯಿಲ್ ಪ್ರೈಮಿಂಗ್ ಮಾತ್ರ ಬೇಕೇಬೇಕು.

ಮೊದಲ ಓಟ ಖಾಲಿ ಜಾಗದಲ್ಲಿ, ನಡಿಗೆಯ ವೇಗದಲ್ಲಿ, ಬ್ರೇಕ್ ಪರೀಕ್ಷೆಗೆ ಮಾತ್ರ. ಐದಾರು ಸಲ ನಿಲ್ಲಿಸಿ, ಇಳಿದು, ನಾಲ್ಕೂ ರಿಮ್ಮಿಗೆ ಕೈ ಹತ್ತಿರ ತಂದು ಬಿಸಿ ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದೇ ಇದೆ, ಒಂದು ಮಾತ್ರ ತಣ್ಣಗಿದ್ದರೆ ಅಲ್ಲಿ ಹಿಡಿಯುತ್ತಲೇ ಇಲ್ಲ. 80 ಕಿ.ಮೀ. ಓಡಿದ ಮೇಲೆ ಗಾಲಿ ನಟ್, ಸ್ಪ್ರಿಂಗಿನ ಯು-ಬೋಲ್ಟ್, ಸ್ಟೀರಿಂಗ್ ಬಾಕ್ಸಿನ ಬೋಲ್ಟ್, ಯು-ಜಾಯಿಂಟ್ ಪಟ್ಟಿಗಳನ್ನು ಟಾರ್ಕ್ ರೆಂಚಿನಲ್ಲಿ ಮತ್ತೆ ಬಿಗಿದು, ಪ್ರತಿಯೊಂದರ ಮೇಲೂ ಬಣ್ಣದ ಪೆನ್ನಿನಿಂದ ಬೋಲ್ಟ್ ತಲೆಗೂ ಲೋಹಕ್ಕೂ ಸೇರಿ ಒಂದು ಗೆರೆ ಎಳೆಯಿರಿ. 800 ಕಿ.ಮೀ.ಗೆ ಮತ್ತೊಮ್ಮೆ ಕೆಳಗೆ ಮಲಗಿ ನೋಡಿದಾಗ ಯಾವ ಗೆರೆ ಮುರಿದಿದೆಯೋ ಅದು ಸಡಿಲವಾದ ಬೋಲ್ಟ್.